ಪಾರ್ಸ್ಲಿ ಸೊಪ್ಪು: ಚಿಟಿಕೆ ಉದುರಿಸಿದರೆ ಸಾಲದು, ಹಿಡಿ ತುಂಬ ಹಾಕಿ

ನೀವು ಕೇಳಿರುವುದು ಎರಡು ವಿಷಯ. ತಾಜಾ ಪಾರ್ಸ್ಲಿ ಹಾಕಿ ಅಡುಗೆ ಮಾಡಿದರೆ ಆರೋಗ್ಯಕ್ಕೆ ನಿಜಕ್ಕೂ ಒಳ್ಳೆಯದಾ ಅನ್ನುವುದು ಒಂದು. ಅದನ್ನು ಕುದಿಸಿದ ನೀರು ಕುಡಿದರೆ ಕಿಡ್ನಿ ಕಲ್ಲು ಕರಗುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ.

ನಾನಿರುವುದು ಶಾರ್ಜಾದಲ್ಲಿ. ಇಲ್ಲಿನ ತರಕಾರಿ ಅಂಗಡಿಗಳಲ್ಲಿ ಕೊತ್ತಂಬರಿಯ ಪಕ್ಕದಲ್ಲೇ ಪಾರ್ಸ್ಲಿ ಕಟ್ಟೂ ಇರುತ್ತದೆ. ಅರಬ್ಬರು ಬಕ್ದೂನಿಸ್ ಅನ್ನುತ್ತಾರೆ. ಚಪ್ಪಟೆ ಎಲೆಯ ಪಾರ್ಸ್ಲಿ ಮತ್ತು ಕೊತ್ತಂಬರಿ ನೋಡಲು ಒಂದೇ ತರಹ, ಮೂಸಿದರೆ ಮಾತ್ರ ಗೊತ್ತಾಗುತ್ತದೆ. ಎರಡೂ ಒಂದೇ ಕುಟುಂಬದ ಗಿಡಗಳು. ಸಬ್ಬಸಿಗೆ, ಜೀರಿಗೆ, ಓಮ, ಕ್ಯಾರೆಟ್ ಕೂಡ ಅದೇ ಕುಟುಂಬದವು.

ಆದರೆ ಸತ್ವದಲ್ಲಿ ಪಾರ್ಸ್ಲಿ ಕೊತ್ತಂಬರಿಗಿಂತ ಬಹಳ ಮುಂದಿದೆ. 100 ಗ್ರಾಂ ಹಸಿ ಪಾರ್ಸ್ಲಿಯಲ್ಲಿ ಸುಮಾರು 133 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕೊತ್ತಂಬರಿಯಲ್ಲಿ 27. ವಿಟಮಿನ್ ಕೆ ಅಂತೂ 1640 ಮೈಕ್ರೋಗ್ರಾಂ, ಕೊತ್ತಂಬರಿಯ ಐದು ಪಟ್ಟು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೆ ಈ ವಿಟಮಿನ್ ಕೆ ಬೇಕೇ ಬೇಕು, ಮೂಳೆಗೂ ಬೇಕು. ಕಬ್ಬಿಣ, ಫೋಲೇಟ್, ಕಣ್ಣಿಗೆ ಬೇಕಾದ ಕ್ಯಾರೊಟೀನ್ ಕೂಡ ಚೆನ್ನಾಗಿಯೇ ಇವೆ.

ಈಗ ಮುಖ್ಯ ಮಾತು. 100 ಗ್ರಾಂ ಲೆಕ್ಕ ಓದಿ ಖುಷಿಪಟ್ಟು, ಕೊನೆಗೆ ಪಾಸ್ತಾ ಮೇಲೆ ನಾಲ್ಕು ಎಲೆ ಉದುರಿಸಿದರೆ ಏನೂ ಆಗುವುದಿಲ್ಲ. ನಾಲ್ಕು ಎಲೆ ಒಂದೆರಡು ಗ್ರಾಂ ಕೂಡ ತೂಗುವುದಿಲ್ಲ ಅಲ್ವಾ? ಪಾರ್ಸ್ಲಿಯ ಲಾಭ ಸಿಗಬೇಕಾದರೆ ಅದನ್ನು ಪಾಲಕ್, ಮೆಂತ್ಯದ ಹಾಗೆ ಸೊಪ್ಪು ಅಂತಲೇ ತಿನ್ನಬೇಕು. ಲೆಬನಾನ್, ಸಿರಿಯಾದವರು ಹಾಗೇ ತಿನ್ನುತ್ತಾರೆ. ತಬ್ಬೂಲೆ ಅನ್ನುವ ಅವರ ಸಲಾಡ್‌ನಲ್ಲಿ ಪಾರ್ಸ್ಲಿಯೇ ಊಟ, ಉಳಿದದ್ದೆಲ್ಲ ಅದಕ್ಕೆ ಜೊತೆ. ಇದನ್ನು ನನಗೆ ಕಲಿಸಿದ್ದು ಆಫೀಸಿನ ಒಬ್ಬ ಲೆಬನಾನಿ ಗೆಳತಿ. ಬುರ್ಗುಲ್, ಅಂದರೆ ಬೇಯಿಸಿ ಒಣಗಿಸಿ ಒಡೆದ ಗೋಧಿ, ಸ್ವಲ್ಪವೇ ಸಾಕು. ಅದು ಜಾಸ್ತಿಯಾದರೆ ಅವಳಿಗೆ ಕೋಪವೇ ಬರುತ್ತದೆ! ಎರಡು ದೊಡ್ಡ ಕಟ್ಟು ಪಾರ್ಸ್ಲಿ, ಸ್ವಲ್ಪ ಪುದೀನ, ಟೊಮೆಟೊ, ಈರುಳ್ಳಿ, ನಿಂಬೆರಸ, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಸೊಪ್ಪು ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ಆಮೇಲೆ ಹರಿತವಾದ ಚಾಕುವಿನಿಂದ ಸಣ್ಣಗೆ ಹೆಚ್ಚಬೇಕು. ಮೊಂಡು ಚಾಕುವಿನಲ್ಲಿ ಜಜ್ಜಿದರೆ ಎಲೆ ಕಪ್ಪಾಗಿ ನೀರು ಬಿಡುತ್ತದೆ. ನಮ್ಮ ಕೋಸಂಬರಿಯ ಹಾಗೆ, ಉಪ್ಪು ಮತ್ತು ನಿಂಬೆರಸ ತಿನ್ನುವ ಹೊತ್ತಿಗೆ ಹಾಕಿದರೆ ಸಾಕು.

ಈ ತಿಂಡಿ ರುಚಿಗೆ ಮಾತ್ರ ಹೀಗೆ ಹೊಂದಿಕೊಂಡಿಲ್ಲ. ಸೊಪ್ಪನ್ನು ಬೇಯಿಸುವುದಿಲ್ಲ, ಹಾಗಾಗಿ ವಿಟಮಿನ್ ಸಿ ಉಳಿಯುತ್ತದೆ. ಆ ವಿಟಮಿನ್ ಸಿ ಮತ್ತು ನಿಂಬೆರಸ ಸೇರಿ ಸೊಪ್ಪು, ಗೋಧಿಯಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುವಂತೆ ಮಾಡುತ್ತವೆ. ವಿಟಮಿನ್ ಕೆ, ಕ್ಯಾರೊಟೀನ್ ಎರಡೂ ಕೊಬ್ಬಿನಲ್ಲಿ ಕರಗುವಂಥವು. ಎಣ್ಣೆ ಇದ್ದರೆ ಮೈಗೆ ಹತ್ತುತ್ತವೆ. ಒಬ್ಬರಿಗೆ ಅರ್ಧ ಕಪ್ ಹೆಚ್ಚಿದ ಪಾರ್ಸ್ಲಿ, ಅಂದರೆ ಸುಮಾರು 30 ಗ್ರಾಂ ಸಿಕ್ಕರೆ 40 ಮಿಲಿಗ್ರಾಂ ವಿಟಮಿನ್ ಸಿ ಬಂತು. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೆಂಗಸರಿಗೆ ದಿನಕ್ಕೆ ಹೇಳುವುದು 65. ಕಬ್ಬಿಣ ಮಾತ್ರ 2 ಮಿಲಿಗ್ರಾಂ ಹತ್ತಿರ ಅಷ್ಟೇ, ಹೆಂಗಸರಿಗೆ ಬೇಕಾದದ್ದು 29. ರಕ್ತಹೀನತೆ ಇರುವವರು ಪಾರ್ಸ್ಲಿ ನಂಬಿಕೊಂಡು ಮಾತ್ರೆ ಬಿಡಬೇಡಿ.

ಬಿಸಿ ಅಡುಗೆಗೂ ಹಾಕಬಹುದು. ಸೂಪ್, ದಾಲ್, ಆಮ್ಲೆಟ್, ಆಲೂಗಡ್ಡೆ ಪಲ್ಯ ಯಾವುದಾದರೂ ಸರಿ. ಒಲೆ ಆರಿಸಿದ ಮೇಲೆ ಸೇರಿಸಿ. ಮೊದಲೇ ಹಾಕಿ ಕುದಿಸಿದರೆ ವಿಟಮಿನ್ ಸಿ ಬಹುಪಾಲು ಹೋಗುತ್ತದೆ, ಪರಿಮಳವೂ ಹೋಗುತ್ತದೆ. ದಂಟು ಎಸೆಯಬೇಡಿ, ಸಾರಿನ ನೀರಿಗೆ ಒಳ್ಳೆಯದು. ಕಟ್ಟನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಕವರ್ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಬೇಗ ಬಾಡುವುದಿಲ್ಲ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿ. ನಿಮ್ಮ ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಈ ಮಾತ್ರೆಗಳು ವಿಟಮಿನ್ ಕೆ ಕೆಲಸವನ್ನೇ ತಡೆಯುತ್ತವೆ. ಇದ್ದಕ್ಕಿದ್ದಂತೆ ಪಾರ್ಸ್ಲಿ ಜಾಸ್ತಿ ತಿಂದರೆ ಮಾತ್ರೆಯ ಪರಿಣಾಮ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ನಮ್ಮ ಮಾವನವರಿಗೆ ಹೃದಯದ ವಾಲ್ವ್ ಬದಲಿಸಿದೆ. ಸೊಪ್ಪು ಬಿಡಬೇಡಿ, ಆದರೆ ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ ಅಂತ ಡಾಕ್ಟರ್ ಹೇಳಿದ್ದಾರೆ. ಅವರು ಇಲ್ಲಿಗೆ ಬಂದಾಗ ನಾನು ತಬ್ಬೂಲೆ ಮಾಡುವುದಿಲ್ಲ. ಊರಲ್ಲಿ ತಿನ್ನುತ್ತಿದ್ದ ಹಾಗೇ ಸೊಪ್ಪಿನ ಹುಳಿ, ಪಲ್ಯ ಮಾಡುತ್ತೇನೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆಯಲ್ಲಿ ಏರುಪೇರಾದರೆ ಊಟದಲ್ಲಿ ಏನು ಬದಲಾಯಿತು ಅಂತ ಡಾಕ್ಟರ್‌ಗೆ ಹೇಳಲೇಬೇಕು.

ಇನ್ನು ಕಿಡ್ನಿ ಕಲ್ಲು. ಹೆಚ್ಚಿನವರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದು ಯಾವ ಕಷಾಯಕ್ಕೂ ಕರಗುವುದಿಲ್ಲ. ಸಣ್ಣ ಕಲ್ಲು ಮೂತ್ರದಲ್ಲಿ ತಾನೇ ಹೊರಗೆ ಹೋಗುವುದುಂಟು, ಆದರೆ ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ. ಹೊಸ ಕಲ್ಲು ಆಗದಿರಲು ಸುಮ್ನೆ ನೀರು ಜಾಸ್ತಿ ಕುಡಿದರೂ ಒಳ್ಳೆಯದೇ. ಇನ್ನೊಂದು ವಿಷಯ, ಪಾರ್ಸ್ಲಿಯಲ್ಲೇ ಆಕ್ಸಲೇಟ್ ಇದೆ. ಈಗಾಗಲೇ ಅಂಥ ಕಲ್ಲು ಆದವರು ದಿನಾ ಲೋಟಗಟ್ಟಲೆ ಪಾರ್ಸ್ಲಿ ಜ್ಯೂಸ್ ಕುಡಿಯುವುದು ಬೇಡವೇ ಬೇಡ. ಬಸುರಿಯರು ಅಡುಗೆಯಲ್ಲಿ ತಿನ್ನುವಷ್ಟು ತಿನ್ನಬಹುದು. ಗಟ್ಟಿ ಕಷಾಯ ಮತ್ತು ಪಾರ್ಸ್ಲಿ ಬೀಜದ ಎಣ್ಣೆ ಮಾತ್ರ ಮುಟ್ಟಬಾರದು. ಆ ಎಣ್ಣೆಯಲ್ಲಿರುವ ಏಪಿಯಾಲ್ ಗರ್ಭಪಾತಕ್ಕೆ ಕಾರಣವಾಗಬಹುದು.