ಯಾವ ಸ್ಟೆಂಟು ಅಂತ ಪೇಷಂಟೇ ಕೇಳಿದ್ರು

ಇದೇ ಥರದ ಕೇಸು ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಬರೀತಿದೀನಿ. ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ.

ಅರವತ್ತು ದಾಟಿದವರು. ಪಿತ್ತನಾಳದಲ್ಲಿ (ಲಿವರ್‌ನಿಂದ ಕರುಳಿಗೆ ಪಿತ್ತ ಹರಿಯೋ ನಾಳ) ಕಲ್ಲು, ಎಂಡೋಸ್ಕೋಪಿಲಿ ಆದಷ್ಟು ತೆಗೆದು, ಪಿತ್ತ ಹರಿಯೋಕೆ ಪ್ಲಾಸ್ಟಿಕ್ ಸ್ಟೆಂಟ್, ಅಂದ್ರೆ ಸಣ್ಣ ಕೊಳವೆ ಹಾಕಿ 3 ತಿಂಗಳಿಗೆ ಬನ್ನಿ ಅಂದಿದ್ರಂತೆ. ಬಂದಿದ್ದು 11 ತಿಂಗಳಿಗೆ, ಗಡಗಡ ನಡುಗೋ ಚಳಿಜ್ವರ, ಕಣ್ಣು ಹಳದಿ. ಸ್ಟೆಂಟ್ ಕಟ್ಕೊಂಡು ನಾಳದೊಳಗೆ ಕೀವು. ಹೇಗೋ ಉಳ್ಕೊಂಡ್ರು.

ನಾನೂ ಗದರೋ ಮೂಡಲ್ಲೇ ಕೂತಿದ್ದೆ. ‘ಸ್ಟೆಂಟ್ ತೆಗೆಸೋಕೆ ಯಾಕೆ ಬರ್ಲಿಲ್ಲ ಸರ್?’ ಅಂದೆ. ‘ಯಾವ ಸ್ಟೆಂಟು?’ ಅಂದ್ರು. ಪಕ್ಕದಲ್ಲಿದ್ದ ಮಗ ನೆಲ ನೋಡ್ತಿದ್ದ. ಅಪ್ಪ ಹೆದರ್ತಾರೆ ಅಂತ ಹೇಳಿರ್ಲಿಲ್ಲ, ಡೇಟು ಅವನ ಫೋನಲ್ಲಿತ್ತು, ಫೋನ್ ಬದಲಾಯ್ತು, ಅಪ್ಪ ಆರಾಮಾಗಿ ಓಡಾಡ್ಕೊಂಡಿದ್ರಿಂದ ಮರ್ತೇ ಹೋಯ್ತು, ಜ್ವರ ಬಂದಾಗ್ಲೂ ಮೂರು ದಿನ ಪ್ಯಾರಾಸಿಟಮಾಲ್ ಕೊಟ್ಕೊಂಡು ಕೂತಿದ್ರು. ಅಪ್ಪ ಬೈಲಿಲ್ಲ. ‘ಹೆದರಿದ್ರೆ ನೆನಪಾದ್ರೂ ಇರ್ತಿತ್ತಲ್ಲೋ’ ಅಂದ್ರು ಅಷ್ಟೇ.

ಅವತ್ತಿಂದ ಮನೆಯವರು ‘ಅವರಿಗೆ ಹೇಳ್ಬೇಡಿ’ ಅಂದ್ರೆ ನಾನು ಒಪ್ಪಲ್ಲ. ಕಲ್ಲುಮನಸ್ಸು ಅಂತಾರೆ, ಅನ್ಲಿ. ನಡುಕ ಮೊದಲು ಗೊತ್ತಾಗೋದು ಸ್ಟೆಂಟ್ ಹೊತ್ಕೊಂಡಿರೋರಿಗೆ ತಾನೆ?

ಪ್ಲಾಸ್ಟಿಕ್ ಸ್ಟೆಂಟ್ ತೂತು ಬರೀ 2-3 ಮಿಲಿಮೀಟರ್. ಬ್ಯಾಕ್ಟೀರಿಯಾ ಒಳಗೋಡೆಗೆ ಪದರ ಕಟ್ಟುತ್ತೆ, ಅದ್ರ ಮೇಲೆ ಪಿತ್ತದ ಕೆಸರು ಕೂರುತ್ತೆ, ಹಾಗಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಬದಲಾಯಿಸ್ತಾರೆ ಇಲ್ಲಾ ತೆಗೀತಾರೆ. ನೋವಿಲ್ಲ ಅಂದ ಮಾತ್ರಕ್ಕೆ ಬಿಡೋ ಹಾಗಿಲ್ಲ, ಜಾಗ ಬಿಟ್ಟು ಜಾರೋದೂ ಇದೆ. ಮೆಟಲ್‌ದು ಅಗಲ, ಹೆಚ್ಚು ದಿನ ಬರುತ್ತೆ, ಆದ್ರೆ ಅದೂ ಕಟ್ಕೊಳ್ಳುತ್ತೆ.

ಅವರಿಗೆ ಹೇಳಿದ್ದು ಇಷ್ಟು: ಯಾವ ಸ್ಟೆಂಟು, ಯಾವಾಗ ಹಾಕಿದ್ದು, ಯಾವಾಗ ತೆಗೀಬೇಕು ಅಂತ ಡಿಸ್ಚಾರ್ಜ್ ದಿನಾನೇ ನೀವೇ ಕೇಳಿ. ಚಳಿಜ್ವರ, ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಚು, ಬಲಗಡೆ ಪಕ್ಕೆ ಕೆಳಗೆ ನೋವು, ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆಗೆ, ಯಾವ ಡಾಕ್ಟರ್ ಹತ್ರ ಹೋದ್ರೂ ಮೊದಲು ಸ್ಟೆಂಟ್ ವಿಷಯ ಹೇಳಿ. ಸ್ಟೆಂಟ್ ಹಾಕಿದ ಒಂದೆರಡು ದಿನದಲ್ಲಿ ಹೊಟ್ಟೆನೋವು ಜೋರಾದ್ರೆ ಮೇದೋಜೀರಕ (ಪ್ಯಾಂಕ್ರಿಯಾಸ್) ಊದಿರಬಹುದು, ಮಲ ಕಪ್ಪಾದ್ರೆ ರಕ್ತ ಹೋಗ್ತಿರಬಹುದು, ಕಾಯ್ಬೇಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಸ್ಟೆಂಟ್ ಹಾಕೋ, ತೆಗೆಯೋ ಮೊದಲೇ ಡಾಕ್ಟರ್‌ಗೆ ತಿಳಿಸಿ, ನೀವಾಗೇ ನಿಲ್ಲಿಸ್ಬೇಡಿ.

ಹೊಸದಾಗಿ ಹಾಕಿದ ಸ್ಟೆಂಟ್ ತೆಗೆಯೋ ಡೇಟನ್ನ ಅವರೇ ಪೆನ್ ಇಸ್ಕೊಂಡು ಫೈಲ್ ಮೇಲೆ ದಪ್ಪಕ್ಷರದಲ್ಲಿ ಬರ್ಕೊಂಡ್ರು. ಮಗ ಫೋನ್ ತೆಗೆದ. ‘ಹಾಕ್ಕೋ, ನೀನೂ ಹಾಕ್ಕೋ’ ಅಂದ್ರು.