ಓಹೇರ್ ಅಂದ್ರೆ ಯಾರು?

ಪ್ರಶ್ನೆ: ಶಿಕಾಗೋ ಏರ್‌ಪೋರ್ಟ್‌ಗೆ ಓಹೇರ್ ಅಂತ ಹೆಸರು ಯಾಕೆ ಬಂತು? ಯಾರೋ ನೇವಿ ಪೈಲಟ್ ಹೆಸರು ಅಂತಾರೆ, ನಿಜಾನಾ ಸಾರ್?

ಉತ್ತರ: ನಿಜ ಕಣ್ರಿ. ಎಡ್ವರ್ಡ್ ‘ಬುಚ್’ ಓಹೇರ್, 1914ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವ್ರು, 1937ರಲ್ಲಿ ಅನಾಪೊಲಿಸ್ ನೇವಲ್ ಅಕಾಡೆಮಿ ಮುಗಿಸಿದ್ರು. ಅಪ್ಪ ಲಾಯರ್, ಗ್ಯಾಂಗ್‌ಸ್ಟರ್ ಅಲ್ ಕಪೋನ್ ಜೊತೆ ವ್ಯವಹಾರ ಇಟ್ಕೊಂಡು ಆಮೇಲೆ ಸರ್ಕಾರಕ್ಕೇ ಮಾಹಿತಿ ಕೊಟ್ಟವ್ರು, 1939ರಲ್ಲಿ ಅವ್ರನ್ನ ಗುಂಡಿಟ್ಟು ಕೊಂದ್ರು, ಅದೇ ಬೇರೆ ಕಥೆ ಬಿಡಿ.

ಮಗನಿಗೆ ಹೆಸರು ಬಂದಿದ್ದು 1942ರ ಫೆಬ್ರವರಿ 20ರಂದು. ಲೆಕ್ಸಿಂಗ್ಟನ್ ಅನ್ನೋ ವಿಮಾನವಾಹಕ ಹಡಗು ಪೆಸಿಫಿಕ್‌ನಲ್ಲಿ ಜಪಾನಿನ ಕೈಲಿದ್ದ ರಬೌಲ್ ಕಡೆ ಹೊರಟಿತ್ತು, ಜಪಾನಿನ ಬಾಂಬರ್‌ಗಳ ಮೊದಲನೇ ಗುಂಪನ್ನ ಅಟ್ಟಿಸ್ಕೊಂಡು ಹಡಗಿನ ಬೇರೆ ಫೈಟರ್ ವಿಮಾನಗಳೆಲ್ಲ ಹೋಗಿದ್ವು, ಅಷ್ಟರಲ್ಲಿ ಇನ್ನೊಂದು ಗುಂಪು ಬೇರೆ ದಿಕ್ಕಿನಿಂದ ಬಂತು. ಅಡ್ಡ ಹೋಗೋಕೆ ಇದ್ದದ್ದು ಇಬ್ಬರೇ, ಅದ್ರಲ್ಲೂ ಜೊತೆಗಾರನ ಗನ್ ಜಾಮ್! ಓಹೇರ್ ಒಬ್ರೇ ನುಗ್ಗಿದ್ರು. ಅವ್ರ ವೈಲ್ಡ್‌ಕ್ಯಾಟ್ ಫೈಟರ್ ವಿಮಾನದಲ್ಲಿ ನಾಲ್ಕೇ ಗನ್, ಟ್ರಿಗರ್ ಒತ್ತಿ ಹಿಡಿದ್ರೆ ಗುಂಡು ಅರ್ಧ ನಿಮಿಷದಲ್ಲಿ ಖಾಲಿ, ಹಾಗಾಗಿ ಹತ್ತಿರ ಹೋಗಿ ಚಿಕ್ಕ ಚಿಕ್ಕದಾಗಿ ಹೊಡೀಬೇಕು. ಐದು ವಿಮಾನ ಬೀಳಿಸಿದ್ರು ಅಂತ ಲೆಕ್ಕಕ್ಕೆ ಬಂತು, ಯುದ್ಧ ಮುಗಿದ್ಮೇಲೆ ಜಪಾನಿನ ದಾಖಲೆ ನೋಡಿದ್ರೆ ಮೂರು. ಮೂರಾದ್ರೂ ಕಮ್ಮಿ ಏನಲ್ಲ, ಹಡಗು ಉಳೀತಲ್ಲ. ಅಧ್ಯಕ್ಷ ರೂಸ್‌ವೆಲ್ಟ್ ಕೈಯಿಂದ ಅಮೆರಿಕದ ಅತಿ ದೊಡ್ಡ ಸೈನಿಕ ಪದಕ ಮೆಡಲ್ ಆಫ್ ಆನರ್ ಸಿಕ್ತು.

1943ರ ನವೆಂಬರ್ 26ರ ರಾತ್ರಿ ಎಂಟರ್‌ಪ್ರೈಸ್ ಹಡಗಿನಿಂದ ಹೆಲ್‌ಕ್ಯಾಟ್ ಫೈಟರ್‌ನಲ್ಲಿ ಹಾರಿದವ್ರು ವಾಪಸ್ ಬರ್ಲಿಲ್ಲ, ಆಗ ವಯಸ್ಸು ಬರೀ 29, ವಿಮಾನವೂ ಸಿಗ್ಲಿಲ್ಲ. ಏರ್‌ಪೋರ್ಟ್‌ಗೆ ಅವ್ರ ಹೆಸರಿಟ್ಟಿದ್ದು 1949ರಲ್ಲಿ.