ಟ್ರಾನ್ಸಿಸ್ಟರ್ ಲೀನಿಯರ್ ಎಷ್ಟು ವರ್ಷ ಬಾಳತ್ತೆ? – ಹ್ಯಾಮ್ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಲಿಡ್ ಸ್ಟೇಟ್ ಲೀನಿಯರ್ (ಹ್ಯಾಮ್ ಅಂದ್ರೆ ಹವ್ಯಾಸಿ ರೇಡಿಯೋದವರ ರಿಗ್‌ನ, ಅಂದ್ರೆ ರೇಡಿಯೋ ಸೆಟ್‌ನ, ಪವರ್ ಹೆಚ್ಚಿಸೋ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಚಿಕ್ಕದಾಗಿ ಆಂಪ್) ಬಗ್ಗೇನೇ ಇದ್ವು, ಅದ್ರಲ್ಲೂ ಸೆಕೆಂಡ್ ಹ್ಯಾಂಡ್ ತಗೊಂಡೋರು ಮತ್ತೆ ವರ್ಷಗಟ್ಟಲೆ ಇಟ್ಕೊಂಡಿರೋರು ಬರೆದಿದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಬಿಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ಪರಿಚಯದ ಹಿರಿಯ ಹ್ಯಾಮ್ ಒಬ್ರ ಹತ್ರ ಇದ್ದ 600 ವ್ಯಾಟ್ ಲೀನಿಯರ್ ತಗೊಂಡೆ. ಒಳಗೆ ನಾಲ್ಕು ಎಂಆರ್‌ಎಫ್ 150 ಟ್ರಾನ್ಸಿಸ್ಟರ್ ಇದೆ, 50 ವೋಲ್ಟ್ ಸಪ್ಲೈ ಬೇರೆ ಡಬ್ಬದಲ್ಲಿದೆ. ಹದಿನೈದು ವರ್ಷದ ಮೇಲಾಗಿದೆ. ವಾಲ್ವ್ ಆಂಪ್ ಆದ್ರೆ ಟ್ಯೂಬ್ ಸವೆದಿದ್ದು ಗೊತ್ತಾಗತ್ತೆ ಅಂತಾರೆ, ಇದ್ರ ಟ್ರಾನ್ಸಿಸ್ಟರ್‌ಗೆ ಆಯಸ್ಸು ಎಷ್ಟು? – ಶಿವಮೊಗ್ಗದ ಓದುಗರು

ಉತ್ತರ: 3-500ಝಡ್ ಥರದ ಟ್ಯೂಬ್‌ನಲ್ಲಿ ಫಿಲಮೆಂಟ್ ಇರತ್ತೆ, ವರ್ಷ ಕಳೆದಂಗೆ ಎಮಿಷನ್ (ಅದು ಎಲೆಕ್ಟ್ರಾನ್ ಹೊರಬಿಡೋದು) ಕಮ್ಮಿ ಆಗತ್ತೆ, ಔಟ್‌ಪುಟ್ ನಿಧಾನಕ್ಕೆ ಇಳೀತಾ ಬರತ್ತೆ, ನಿಮಗೆ ಮುಂಚೇನೇ ಸೂಚನೆ ಸಿಗತ್ತೆ. ಎಂಆರ್‌ಎಫ್ 150 ಹಾಗಲ್ಲ. ಶಾಖ, ವೋಲ್ಟೇಜ್ ಎರಡೂ ಮಿತಿ ಒಳಗಿದ್ರೆ ಹವ್ಯಾಸಿಗಳು ಬಳಸೋ ರೀತಿಗೆ ಅದು ಸವೆಯೋ ಮಾತೇ ಇಲ್ಲ ಅಂದ್ರೂ ತಪ್ಪಿಲ್ಲ. ಆದ್ರೆ ಸಾಯೋದಾದ್ರೆ ಕಣ್ಣು ಮಿಟುಕಿಸೋದ್ರೊಳಗೆ ಸಾಯತ್ತೆ, ಫ್ಯೂಸ್ ಕರಗೋವಷ್ಟು ಹೊತ್ತೂ ಕೊಡಲ್ಲ. ಅದಕ್ಕೇ ಹಳೇ ಲೀನಿಯರ್ ತಗೊಂಡೋರು ಟ್ರಾನ್ಸಿಸ್ಟರ್ ಬಗ್ಗೆ ಚಿಂತೆ ಮಾಡೋದು ಬಿಟ್ಟು ಅದ್ರ ಸುತ್ತ ಇರೋದನ್ನ ನೋಡ್ಕೋಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸಾಗೋದು ಫ್ಯಾನ್‌ಗೆ, ರಿಲೇಗೆ, ಸಪ್ಲೈ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗೆ, ಹಿಂದಿನ ಕನೆಕ್ಟರ್‌ಗೆ.

ಶಾಖದ ಲೆಕ್ಕ ಮೊದಲು ನೋಡಿ. 50 ವೋಲ್ಟ್, 25 ಆಂಪಿಯರ್ ಎಳೆದ್ರೆ ಒಳಗೆ ಹೋಗೋದು 1250 ವ್ಯಾಟ್, ಆಂಟೆನಾಗೆ ಹೋಗೋದು 600, ಉಳಿದ 650 ವ್ಯಾಟ್ ಪೂರ್ತಿ ಶಾಖ ಆಗಿ ಆ ಹೀಟ್ ಸಿಂಕ್ ಮೇಲೇ ಕೂರತ್ತೆ, ಅಂದ್ರೆ ಡಬ್ಬದೊಳಗೆ ಒಂದು ಇಸ್ತ್ರಿ ಪೆಟ್ಟಿಗೆ ಇಟ್ಕೊಂಡಂಗೆ. ಅದನ್ನ ಹೊರಗೆ ಹಾಕೋದು ಆ ಫ್ಯಾನ್‌ಗಳು ಮಾತ್ರ. ರೆಕ್ಕೆಗಳ ಮಧ್ಯೆ ಹತ್ತಿ ಥರ ಧೂಳು ಕೂತಿದ್ರೆ ಫ್ಯಾನ್ ತಿರುಗಿದ್ರೂ ಗಾಳಿ ಹೋಗಲ್ಲ. ಮೊದಲ ಕೆಲಸ ಮುಚ್ಚಳ ತೆಗೆದು ಪೇಂಟ್ ಬ್ರಷ್‌ನಲ್ಲಿ ಕ್ಲೀನ್ ಮಾಡೋದು. ಪ್ಲಗ್ ಕಿತ್ತು, ಕೆಪ್ಯಾಸಿಟರ್ ಖಾಲಿ ಆಗಿದೆಯಾ ಅಂತ ಮೀಟರ್ ಇಟ್ಟು ನೋಡಿ, ಕೈಯಲ್ಲಿ ಉಂಗುರ, ಲೋಹದ ವಾಚ್ ಇದ್ರೆ ತೆಗೆದಿಡಿ. 50 ವೋಲ್ಟ್ ಅಲ್ವಾ, ಏನಾಗತ್ತೆ ಅಂತ ಅಸಡ್ಡೆ ಬೇಡ. ಶಾಕ್‌ಗಿಂತ ಅಲ್ಲಿ ಹೆದರಬೇಕಾಗಿದ್ದು ಕರೆಂಟ್‌ಗೆ, ಉಂಗುರ ಶಾರ್ಟ್ ಆದ್ರೆ ಕೆಂಪಗೆ ಕಾದು ಬೆರಳು ಸುಟ್ಟುಹೋಗತ್ತೆ.

ಆಮೇಲೆ ಒಂದು ನೋಟ್ ಬುಕ್ ಇಡಿ. ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗೋ ರೆಸಿಸ್ಟರ್) ಹಾಕಿ ಪ್ರತಿ ಬ್ಯಾಂಡ್‌ನಲ್ಲೂ ಎಷ್ಟು ಡ್ರೈವ್ (ರಿಗ್‌ನಿಂದ ಆಂಪ್‌ಗೆ ಕೊಡೋ ಪವರ್) ಕೊಟ್ರೆ ಎಷ್ಟು ಔಟ್‌ಪುಟ್ ಬಂತು, ಆಗ 50 ವೋಲ್ಟ್ ಎಷ್ಟಕ್ಕೆ ಇಳೀತು, ಡ್ರೈವ್ ಇಲ್ಲದೆ ಕೀ ಮಾಡಿದಾಗ (ಟ್ರಾನ್ಸ್‌ಮಿಟ್‌ಗೆ ಹಾಕಿದಾಗ) ಐಡಲ್ ಕರೆಂಟ್ ಎಷ್ಟಿತ್ತು ಅಂತ ಬರ್ಕೊಳ್ಳಿ. ಎಂಆರ್‌ಎಫ್ 150 ಡೇಟಾಶೀಟ್‌ನಲ್ಲಿ ಒಂದೊಂದಕ್ಕೆ 250 ಮಿಲಿಆಂಪ್ ಇಟ್ಟು ಅಳೆದಿರ್ತಾರೆ, ಆ ಲೆಕ್ಕದಲ್ಲಿ ನಾಲ್ಕಕ್ಕೆ ಸುಮಾರು 1 ಆಂಪಿಯರ್. ಆದ್ರೆ ನಿಮ್ಮ ಆಂಪ್‌ನ ಮ್ಯಾನುವಲ್ ಏನು ಹೇಳತ್ತೋ ಅದೇ ಫೈನಲ್. ಮುಖ್ಯ ಏನಂದ್ರೆ ಆಂಪ್ ಬಿಸಿ ಆದ್ಮೇಲೆ ಈ ಐಡಲ್ ಕರೆಂಟ್ ಮೇಲಕ್ಕೆ ಹತ್ತುತ್ತಾ ಹೋದ್ರೆ ತಕ್ಷಣ ನಿಲ್ಲಿಸಿ, ಹೀಟ್ ಸಿಂಕ್ ಶಾಖ ನೋಡಿ ಬಯಾಸ್ (ಐಡಲ್ ಕರೆಂಟ್ ನಿಗದಿ ಮಾಡೋ ಗೇಟ್ ವೋಲ್ಟೇಜ್) ಇಳಿಸೋ ಡಯೋಡ್ ಅಥವಾ ಸೆನ್ಸರ್ ಜಾಗ ಬಿಟ್ಟು ಎದ್ದಿರೋ ಸಾಧ್ಯತೆ ಜಾಸ್ತಿ.

ಆರು ತಿಂಗಳಿಗೊಮ್ಮೆ ಅದೇ ಅಳತೆ ಮತ್ತೆ ತಗೊಂಡ್ರೆ ಆಂಪ್ ತಾನೇ ಮಾತಾಡತ್ತೆ. ಒಂದೇ ಬ್ಯಾಂಡ್‌ನಲ್ಲಿ ಔಟ್‌ಪುಟ್ ಕಮ್ಮಿ ಆಗಿದ್ರೆ ಆ ಬ್ಯಾಂಡ್‌ನ ಲೋ ಪಾಸ್ ಫಿಲ್ಟರ್ (ಬ್ಯಾಂಡ್‌ಗಿಂತ ಮೇಲಿನ ಫ್ರೀಕ್ವೆನ್ಸಿ ತಡೆಯೋದು) ರಿಲೇ, ಇಲ್ಲಾ ಅದ್ರ ಕಾಯಿಲ್ ಹತ್ರದ ಬೆಸುಗೆ. ಎಲ್ಲಾ ಬ್ಯಾಂಡ್‌ನಲ್ಲೂ ಕಮ್ಮಿ ಆಗಿದ್ರೆ ಸಪ್ಲೈ, ಡ್ರೈವ್ ಕೇಬಲ್, ಟಿಆರ್ ರಿಲೇ (ಟ್ರಾನ್ಸ್‌ಮಿಟ್, ರಿಸೀವ್ ಮಧ್ಯೆ ಬದಲಾಯಿಸೋದು). ರಿಸೀವ್ ಇದ್ದಕ್ಕಿದ್ದಂಗೆ ಕುಗ್ಗಿ, ಒಂದ್ ಸಲ ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿ ಬಿಟ್ರೆ ಸರಿ ಹೋಗ್ತಿದೆ ಅಂದ್ರೆ ಟಿಆರ್ ರಿಲೇಯ ರಿಸೀವ್ ಕಾಂಟ್ಯಾಕ್ಟ್ ಮೇಲೆ ಪೊರೆ ಕಟ್ಟಿದೆ ಅಂತಾನೇ ಅರ್ಥ, ಇದನ್ನ ಎಷ್ಟೋ ಜನ ಪ್ರಾಪಗೇಷನ್ (ರೇಡಿಯೋ ಅಲೆ ಆ ದಿನ ಸರಿಯಾಗಿ ಹರಡ್ತಿಲ್ಲ) ಅಂದ್ಕೊಂಡು ತಿಂಗಳುಗಟ್ಟಲೆ ಸುಮ್ನಿರ್ತಾರೆ. ಆ ಕಾಂಟ್ಯಾಕ್ಟ್‌ಗೆ ಮರಳು ಕಾಗದ ಹಾಕಿ ಉಜ್ಜಬೇಡಿ, ಮೇಲಿನ ಲೇಪ ಹೋದ್ರೆ ಇನ್ನೂ ಬೇಗ ಕೆಡತ್ತೆ. ಗಟ್ಟಿ ಕಾಗದದ ಚೂರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಮಧ್ಯೆ ಎಳೆದ್ರೆ ಸಾಕು, ಸೀಲ್ಡ್ ರಿಲೇ ಆದ್ರೆ ಬದಲಾಯಿಸಿಬಿಡಿ.

ಇನ್ನೊಂದು ಮಾತು. ನಮ್ಮಲ್ಲಿ ಜನರಲ್ ಗ್ರೇಡ್ ಹ್ಯಾಮ್ ಲೈಸೆನ್ಸ್‌ಗೆ ಮಿತಿ 400 ವ್ಯಾಟ್. 600ರ ಆಂಪ್‌ನ 400ಕ್ಕೆ ಓಡಿಸಿದ್ರೆ ಕಾನೂನೂ ಸರಿ, ಆಂಪ್‌ಗೂ ಆರಾಮ. ವ್ಯತ್ಯಾಸ 2 ಡಿಬಿಗಿಂತ (ಡೆಸಿಬೆಲ್) ಕಮ್ಮಿ, ಆ ಕಡೆ ಕೇಳೋರಿಗೆ ಸಿಗ್ನಲ್ ಬಲ ತೋರಿಸೋ ಎಸ್ ಮೀಟರ್‌ನಲ್ಲಿ ಅರ್ಧ ಗೆರೆಯೂ ಅಲ್ಲಾಡಲ್ಲ.

ಪ್ರಶ್ನೆ: ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರತ್ತೆ ಅನ್ನೋ ಅಳತೆ, 1 ಅಂದ್ರೆ ಉತ್ತಮ) 1.3 ಇದೆ, ರಿಗ್ 100 ವ್ಯಾಟ್‌ನದ್ದು, ಪವರ್ 40ಕ್ಕೇ ಇಟ್ಟಿದೀನಿ. ಆದ್ರೂ ಮೊದಲ ಮಾತಿಗೇ ಆಂಪ್ ಟ್ರಿಪ್ ಆಗ್ತದ, ಮೂರು ನಾಲ್ಕು ಸಲ ರಿಸೆಟ್ ಮಾಡಿದ್ರ ಆಮ್ಯಾಲೆ ಸುಮ್ನ ನಡೀತದ. ಟ್ರಾನ್ಸಿಸ್ಟರ್ ಹೋಗ್ಯಾವೇನ್ರಿ? – ಹುಬ್ಬಳ್ಳಿ ಓದುಗರು

ಉತ್ತರ: ಹೋಗಿಲ್ಲ ಸರ್, ಆದ್ರೆ ಹಿಂಗೇ ರಿಸೆಟ್ ಮಾಡ್ತಾ ಇದ್ರೆ ಹೋಗತ್ತೆ, ದಯವಿಟ್ಟು ಇವತ್ತೇ ನಿಲ್ಲಿಸಿ. ಇದು ಹೆಚ್ಚಾಗಿ ರಿಗ್‌ನ ಓವರ್‌ಶೂಟ್. ಪವರ್ 40 ಅಂತ ಇಟ್ರೂ ರಿಗ್ ಒಳಗಿನ ಎಎಲ್‌ಸಿ (ಪವರ್ ಮಿತಿ ಮೀರದಂಗೆ ತಡೆಯೋ ಸರ್ಕ್ಯೂಟ್) ಹಿಡಿತಕ್ಕೆ ಬರೋಕೆ ಕೆಲವು ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಕೆಲವು ರಿಗ್‌ಗಳು ಪೂರ್ತಿ 100 ವ್ಯಾಟ್, ಒಮ್ಮೊಮ್ಮೆ ಅದಕ್ಕೂ ಮೇಲೆ ತಳ್ಳಿಬಿಡ್ತವೆ. ನಿಮ್ಮ ಮೀಟರ್ ಮುಳ್ಳಿಗೆ ಅದು ಕಾಣಲ್ಲ, ಆಂಪ್‌ನ ಪ್ರೊಟೆಕ್ಷನ್‌ಗೆ ಕಾಣತ್ತೆ, ಟ್ರಾನ್ಸಿಸ್ಟರ್ ಗೇಟ್‌ಗಂತೂ ಖಂಡಿತ ಕಾಣತ್ತೆ. ಮಾಸ್ಫೆಟ್‌ಗೆ (ಎಂಆರ್‌ಎಫ್ 150 ಥರದ ಟ್ರಾನ್ಸಿಸ್ಟರ್) ಗೇಟ್‌ನಲ್ಲಿ ಬರೋ ಅತಿ ವೋಲ್ಟೇಜ್ ಅಂದ್ರೆ ಪ್ರಾಣಾಂತಿಕ.

ಪತ್ತೆ ಮಾಡೋದು ಸುಲಭ. ಡಮ್ಮಿ ಲೋಡ್ ಹಾಕಿ ಮಾತಾಡಿ. ಅಲ್ಲೂ ಟ್ರಿಪ್ ಆದ್ರೆ ಓವರ್‌ಶೂಟ್, ಇಲ್ಲಾ ಬ್ಯಾಂಡ್ ಸ್ವಿಚ್ ತಪ್ಪಿರೋದು, ಇಲ್ಲಾ ಸಪ್ಲೈ ವೋಲ್ಟೇಜ್ ಕುಸೀತಿರೋದು. ಆಂಟೆನಾ ಹಾಕಿದಾಗ ಮಾತ್ರ ಆದ್ರೆ ಕೋಆಕ್ಸ್ (ಆಂಟೆನಾ ಕೇಬಲ್) ಹೊರಮೈ ಮೇಲೆ ಆರ್‌ಎಫ್ (ರೇಡಿಯೋ ಪವರ್) ಶ್ಯಾಕ್‌ಗೇ, ಅಂದ್ರೆ ರೇಡಿಯೋ ಕೋಣೆಗೇ, ವಾಪಸ್ ಬರ್ತಿದೆ, ಫೀಡ್ ಪಾಯಿಂಟ್‌ನಲ್ಲಿ (ಕೇಬಲ್ ಆಂಟೆನಾಗೆ ಸೇರೋ ಕಡೆ) ಅದನ್ನ ತಡೆಯೋ ಒಳ್ಳೆ ಚೋಕ್ ಹಾಕಿ. ಓವರ್‌ಶೂಟ್ ಅಂತ ಖಾತ್ರಿ ಆದ್ರೆ ಆಂಪ್‌ನಿಂದ ರಿಗ್‌ಗೆ ಎಎಲ್‌ಸಿ ವೈರ್ ಎಳೀರಿ, ಅದಕ್ಕೂ ಬಗ್ಗದಿದ್ರೆ ರಿಗ್, ಆಂಪ್ ಮಧ್ಯೆ 3 ಡಿಬಿ ಅಟೆನ್ಯುಯೇಟರ್ ಹಾಕಿ, 100 ಬಂದ್ರೂ ಆಂಪ್‌ಗೆ ಹೋಗೋದು 50 ಮಾತ್ರ. ಆ ಅಟೆನ್ಯುಯೇಟರ್ ಅರ್ಧ ಪವರ್ ನುಂಗಬೇಕು, ಹಾಗಾಗಿ ಸಣ್ಣ ರೆಸಿಸ್ಟರ್‌ನಲ್ಲಿ ಆಗೋ ಕೆಲಸ ಅಲ್ಲ, ಹೀಟ್ ಸಿಂಕ್ ಮೇಲೆ ಕೂರೋ ನಾನ್-ಇಂಡಕ್ಟಿವ್ ರೆಸಿಸ್ಟರ್ ಬೇಕು.

ಬ್ಯಾಂಡ್ ಸ್ವಿಚ್ ಅಂದೆ ಅಲ್ವಾ, ಅದ್ರ ಬಗ್ಗೆ ಜಾಸ್ತಿ ಕಾಳಜಿ ನನಗೆ. ರಿಗ್ 20 ಮೀಟರ್‌ನಲ್ಲಿ, ಆಂಪ್ 40 ಮೀಟರ್‌ನಲ್ಲಿ ಇದ್ರೆ 14 ಮೆಗಾಹರ್ಟ್ಜ್ ಸಿಗ್ನಲ್‌ನ ಆ ಫಿಲ್ಟರ್ ದಾಟಿಸೋದೇ ಇಲ್ಲ, ಪವರ್ ಪೂರ್ತಿ ಟ್ರಾನ್ಸಿಸ್ಟರ್ ಕಡೆಗೇ ತಿರುಗಿ ಬರತ್ತೆ, ನಿಮ್ಮ ಆಂಟೆನಾ ಎಷ್ಟೇ ಚೆನ್ನಾಗಿರಲಿ. ಕಾಂಟೆಸ್ಟ್ ರಾತ್ರಿ ನಿದ್ದೆಗಣ್ಣಲ್ಲಿ ಆಗೋ ಅನಾಹುತ ಇದೇ. ರಿಗ್‌ನಿಂದ ಬ್ಯಾಂಡ್ ಡೇಟಾ ಕೊಟ್ಟು ಆಂಪ್ ತಾನೇ ಬದಲಾಯಿಸ್ಕೊಳ್ಳೋ ಹಾಗೆ ಮಾಡೋಕೆ ಆಗೋದಾದ್ರೆ, ಖರ್ಚಾದ್ರೂ ಮಾಡಿಸಿ.

ಪ್ರಶ್ನೆ: ನಮ್ಮದು ಸಮುದ್ರದಿಂದ ಕೂಗಳತೆ ದೂರ. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ನಾಲ್ಕು ತಿಂಗಳು ಎಲ್ಲಾ ಕಳಚಿ ಪ್ಲಾಸ್ಟಿಕ್ ಕವರ್ ಹಾಕಿ ಇಡ್ತೇನೆ. ಸರಿಯಾ? – ಕುಂದಾಪುರದ ಓದುಗರು

ಉತ್ತರ: ಕಳಚೋದು ನೂರಕ್ಕೆ ನೂರು ಸರಿ, ಆಂಟೆನಾ ಮಾತ್ರ ಅಲ್ಲ, ಕರೆಂಟ್ ಪ್ಲಗ್ಗೂ, ರೋಟರ್ ಕೇಬಲ್ ಇದ್ರೆ ಅದೂ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ತೇವ ಒಳಗೇ ಉಳಿದು ಬೆವರತ್ತೆ. ಹಳೇ ಕಾಟನ್ ಪಂಚೆ ಮುಚ್ಚಿ. ನಾಲ್ಕು ತಿಂಗಳು ಪೂರ್ತಿ ಮಲಗಿಸೋದೂ ಬೇಡ, ಗುಡುಗು ಇಲ್ಲದ ದಿನ ನೋಡಿ ವಾರಕ್ಕೊಮ್ಮೆ ಡಮ್ಮಿ ಲೋಡ್ ಹಾಕಿ ಅರ್ಧ ಗಂಟೆ ಆನ್ ಮಾಡಿ, ಸ್ವಲ್ಪ ಬಿಸಿ ಆಗ್ಲಿ. ತೇವ ಹೋಗತ್ತೆ, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳೂ ಚೆನ್ನಾಗಿರ್ತವೆ. ವರ್ಷಗಟ್ಟಲೆ ಸುಮ್ನಿದ್ದ ಟ್ರಾನ್ಸ್‌ಫಾರ್ಮರ್ ಸಪ್ಲೈನ ನೇರ ಪ್ಲಗ್‌ಗೆ ಹಾಕೋ ಬದಲು ರಿಪೇರಿಯವರ ಥರ ಸೀರೀಸ್ ಬಲ್ಬ್ ಹಾಕಿ ಎಬ್ಬಿಸಿ, ವೇರಿಯಾಕ್ (ವೋಲ್ಟೇಜ್ ನಿಧಾನಕ್ಕೆ ಏರಿಸೋ ಟ್ರಾನ್ಸ್‌ಫಾರ್ಮರ್) ಇದ್ರೆ ಇನ್ನೂ ಒಳ್ಳೇದು. ಎಸ್‌ಎಂಪಿಎಸ್‌ಗೆ (ಸ್ವಿಚಿಂಗ್ ಸಪ್ಲೈಗೆ) ಈ ಉಪಾಯ ಸರಿ ಹೋಗಲ್ಲ.

ಕರಾವಳಿಯಲ್ಲಿ ಉಪ್ಪಿನಷ್ಟೇ ಕಾಟ ಹಲ್ಲಿ, ಇರುವೆದು. ಬೆಚ್ಚಗಿರೋ ಡಬ್ಬ ಅಂದ್ರೆ ಅವಕ್ಕೆ ಇಷ್ಟ. ಓಪನ್ ರಿಲೇಯ ಎರಡು ಕಾಂಟ್ಯಾಕ್ಟ್ ಮಧ್ಯೆ ಒಂದು ಇರುವೆ ಸಿಕ್ಕಿ ಸತ್ರೆ ಸಾಕು, ಆ ಬ್ಯಾಂಡ್ ಬಂದ್. ಗಾಳಿ ಒಳಗೆ ಹೋಗೋ ಕಡೆ ಸ್ಟೀಲ್ ಸೊಳ್ಳೆ ಜಾಲರಿ ಹಾಕಿ, ತಿಂಗಳಿಗೊಮ್ಮೆ ಬಿಚ್ಚಿ ತೊಳೀರಿ, ಬಟ್ಟೆ ಫಿಲ್ಟರ್ ಹಾಕಿದ್ರೆ ಗಾಳಿ ನಿಂತುಹೋಗತ್ತೆ. ಹಿಂದಿನ ಪಿಎಲ್ 259 ಕನೆಕ್ಟರ್ ಬಿಚ್ಚಿ ನೋಡಿ, ನಡು ಪಿನ್ ಮೇಲೆ ಹಸಿರು ಕಂಡ್ರೆ ಕತ್ತರಿಸಿ ಹೊಸದು ಹಾಕಿ. ಮತ್ತೆ ನೆನಪಿಡಿ, ನೀರು ಕುಡಿದ ಕೋಆಕ್ಸ್ ಪವರ್ ನುಂಗೋದ್ರಿಂದ ಶ್ಯಾಕ್‌ನಲ್ಲಿ ಎಸ್‌ಡಬ್ಲ್ಯೂಆರ್ ಒಳ್ಳೇದೇ ತೋರಿಸತ್ತೆ. ವರ್ಷದಿಂದ ವರ್ಷಕ್ಕೆ ಎಸ್‌ಡಬ್ಲ್ಯೂಆರ್ ತಾನಾಗೇ ಚೆನ್ನಾಗಾಗ್ತಿದ್ರೆ ಖುಷಿ ಪಡಬೇಡಿ, ಕೇಬಲ್ ಬದಲಾಯಿಸಿ.

ಪ್ರಶ್ನೆ: ನಾನು ಹೆಚ್ಚಾಗಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಸಂದೇಶ ಕಳಿಸೋ ಡಿಜಿಟಲ್ ಮೋಡ್) ಮಾಡೋದು. ಫ್ಯಾನ್ ಸದ್ದು ಮನೇಲಿ ಎಲ್ಲರಿಗೂ ಕಿರಿಕಿರಿ, ಸೈಲೆಂಟ್ ಫ್ಯಾನ್ ಹಾಕಿಸಬಹುದಾ? – ಮೈಸೂರಿನ ಓದುಗರು

ಉತ್ತರ: ಮೇಡಂ, ಎಫ್‌ಟಿ8ನಲ್ಲಿ 15 ಸೆಕೆಂಡ್ ಸರದಿಯಲ್ಲಿ 12.64 ಸೆಕೆಂಡ್ ಪೂರ್ತಿ ಕ್ಯಾರಿಯರ್ ಹೋಗತ್ತೆ, ಮಾತಾಡೋ ಎಸ್‌ಎಸ್‌ಬಿ ಮೋಡ್ ಥರ ಮಾತಿನ ಮಧ್ಯೆ ಉಸಿರು ಬಿಡೋ ಜಾಗ ಇಲ್ಲ. ಸೈಲೆಂಟ್ ಅಂತ ಮಾರೋ ಫ್ಯಾನ್‌ಗಳಲ್ಲಿ ಹೆಚ್ಚಿನವು ಗಾಳೀನೇ ಕಮ್ಮಿ ತಳ್ಳೋದು, ದಯವಿಟ್ಟು ಹಾಕಿಸಬೇಡಿ. ಸದ್ದು ಮೊದಲಿಗಿಂತ ಜಾಸ್ತಿ ಆಗಿದ್ರೆ ಬೇರಿಂಗ್ ಹೋಗಿದೆ, ಅದೇ ಸೈಜ್, ಅದೇ ವೋಲ್ಟೇಜ್, ಅದೇ ಗಾಳಿಯ ಅಳತೆಯ ಬಾಲ್ ಬೇರಿಂಗ್ ಫ್ಯಾನ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಿ. ಪವರ್‌ನ 200 ವ್ಯಾಟ್‌ಗೆ ಇಳಿಸಿ, ಫ್ಯಾನ್ ತಾನೇ ನಿಧಾನಕ್ಕೆ ತಿರುಗತ್ತೆ, ಎಫ್‌ಟಿ8ಗೆ ಅಷ್ಟು ಧಾರಾಳ ಆಯ್ತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದೀವಿ, ಮುಂದಿನ ವರ್ಷ ಊರಿಗೇ ವಾಪಸ್. ಇಲ್ಲಿ ಬಳಸ್ತಿರೋ ಜಪಾನಿನ ಆಂಪ್ ಮಾಡಿದ ಕಂಪನಿನೇ ಈಗಿಲ್ಲ. ತರೋದಾ, ಇಲ್ಲೇ ಮಾರೋದಾ? – ಎಡಿಸನ್‌ನಿಂದ ಓದುಗರು

ಉತ್ತರ: ಕಂಪನಿ ಇಲ್ಲ ಅನ್ನೋದೊಂದೇ ಕಾರಣಕ್ಕೆ ಮಾರಬೇಡಿ. ಟೋಕಿಯೋ ಹೈ-ಪವರ್ 2013ರಲ್ಲಿ ಬಾಗಿಲು ಹಾಕ್ತು, ಅವ್ರ ಆಂಪ್‌ಗಳು ಇವತ್ತಿಗೂ ಬ್ಯಾಂಡ್ ಮೇಲಿವೆ. ಪೂರ್ತಿ ಸರ್ಕ್ಯೂಟ್ ಡಯಾಗ್ರಾಂ ಸಿಕ್ಕಿದೆಯಾ, ಟ್ರಾನ್ಸಿಸ್ಟರ್ ಈಗಲೂ ತಯಾರಾಗ್ತಿದೆಯಾ ಅಂತ ನೋಡಿ. ಡಯಾಗ್ರಾಂ ಇದ್ರೆ ರಿಲೇ, ಫ್ಯಾನ್, ಕೆಪ್ಯಾಸಿಟರ್ ಎಲ್ಲಿ ಬೇಕಾದ್ರೂ ಹೊಂದಿಸಬಹುದು. ಒಳಗೆ ಆ ಕಂಪನಿಯೇ ಪ್ರೋಗ್ರಾಂ ಬರೆದ ಮೈಕ್ರೋಕಂಟ್ರೋಲರ್, ಡಿಸ್‌ಪ್ಲೇ ಇದ್ರೆ ಅದೇ ದೊಡ್ಡ ತಲೆನೋವು, ಅದು ಕೆಟ್ರೆ ಬೇರೆ ಆಂಪ್‌ನಿಂದ ಕಿತ್ತಿದ್ದೇ ಬೇಕು.

ಟ್ರಾನ್ಸಿಸ್ಟರ್ ಸ್ಪೇರ್ ಬೇಕಿದ್ರೆ ಅಲ್ಲಿಂದಲೇ ಅಧಿಕೃತ ಡೀಲರ್ ಹತ್ರ ಮ್ಯಾಚ್ ಮಾಡಿದ ಸೆಟ್ ತಗೊಂಡು ಬನ್ನಿ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋದ್ರಲ್ಲಿ ಹೆಸರು ಅಳಿಸಿ ಮತ್ತೆ ಬರೆದ ನಕಲಿ ತುಂಬಾ. ಹಳೇ ಸೆರಾಮಿಕ್ ಪ್ಯಾಕೇಜ್‌ನ ಆರ್‌ಎಫ್ ಟ್ರಾನ್ಸಿಸ್ಟರ್ ಒಡೆಯೋದು, ಉಜ್ಜೋದು ಮಾತ್ರ ಯಾವತ್ತೂ ಬೇಡ, ಬಹಳಷ್ಟರಲ್ಲಿ ಬೆರಿಲಿಯಂ ಆಕ್ಸೈಡ್ ಇರತ್ತೆ, ಅದ್ರ ಪುಡಿ ಶ್ವಾಸಕೋಶಕ್ಕೆ ವಿಷ.

ಇನ್ನು ಕರೆಂಟ್. ಅಲ್ಲಿ 60 ಹರ್ಟ್ಜ್, ಇಲ್ಲಿ 50. ಬರೀ 60 ಹರ್ಟ್ಜ್‌ಗೆ ಅಂತ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಕೋರ್ ಸ್ಯಾಚುರೇಟ್ ಆಗಿ ಗುಂಯ್‌ಗುಡತ್ತೆ, ಕಾಯತ್ತೆ. ಹಿಂದಿನ ಪ್ಲೇಟ್‌ನಲ್ಲಿ 50/60 ಅಂತ ಬರೆದಿದೆಯಾ ನೋಡಿ, 240ರ ಟ್ಯಾಪ್‌ಗೆ ಬದಲಾಯಿಸಿ ಆಮೇಲಷ್ಟೇ ಪ್ಲಗ್ ಹಾಕಿ. ಅಲ್ಲಿ 1500 ವ್ಯಾಟ್‌ವರೆಗೆ ಬಿಡ್ತಾರೆ, ಇಲ್ಲಿ ಹಾಗಿಲ್ಲ, ಜೊತೆಗೆ ವೈರ್‌ಲೆಸ್ ಸಾಮಾನು ತರೋಕೆ ಏನೇನು ಅನುಮತಿ ಬೇಕು ಅಂತ ಡಬ್ಲ್ಯೂಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ಲೈಸೆನ್ಸ್ ವಿಭಾಗ) ಹತ್ರ ಪ್ಯಾಕಿಂಗ್‌ಗೆ ಮುಂಚೇನೇ ವಿಚಾರಿಸಿ.

ಪ್ರಶ್ನೆ: ಈಗಷ್ಟೇ ವಿಯು3 ಕಾಲ್‌ಸೈನ್ (ರೆಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್) ಸಿಕ್ಕಿದೆ. ಅಪ್ಪ ಒಂದು ಹಳೇ ಲೀನಿಯರ್ ಕೊಡಿಸ್ತೀನಿ ಅಂತಿದಾರೆ. – ಬೆಂಗಳೂರಿನ ವಿದ್ಯಾರ್ಥಿ

ಉತ್ತರ: ಅಭಿನಂದನೆ! ನಿನ್ನ ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ ಮಿತಿ 50 ವ್ಯಾಟ್, ಲೀನಿಯರ್ ಈಗ ಬೇಡವೇ ಬೇಡ. ಆ ದುಡ್ಡಲ್ಲಿ 40 ಮೀಟರ್ ಬ್ಯಾಂಡ್‌ನ ಡೈಪೋಲ್ (ತಂತಿ ಆಂಟೆನಾ)ನ 5 ಮೀಟರ್ ಎತ್ತರದಿಂದ 10 ಮೀಟರ್‌ಗೆ ಏರಿಸೋಕೆ ಒಂದು ಮಾಸ್ಟ್ ಹಾಕಿಸು. ಲೀನಿಯರ್ ನಿನ್ನ ದನಿ ಮಾತ್ರ ಜೋರು ಮಾಡತ್ತೆ, ಎತ್ತರದ ಆಂಟೆನಾದಲ್ಲಿ ದೂರದವರ ದನಿ ನಿನಗೂ ಕೇಳತ್ತೆ. ಒಂದು ಡಮ್ಮಿ ಲೋಡ್ ಮಾತ್ರ ಈಗಲೇ ದೊಡ್ಡದೇ ತಗೊಂಡಿಡು, ಜನರಲ್ ಗ್ರೇಡ್ ಪಾಸ್ ಆದ್ಮೇಲೂ ಅದೇ ಆಗತ್ತೆ.